ನಕ್ಷೆಯ ಮೊದಲ ಗೆರೆ ನೀರಿನದಾಗಿರಲಿ

(ಮೈಸೂರಿನ ವಿಜಯನಗರದಲ್ಲಿ, ವಾಸ್ತುಶಿಲ್ಪದ ವೃತ್ತಿಗೆ ಹೊಸದಾಗಿ ಸೇರಿದ ಯುವಕ ಯುವತಿಯರ ಕೂಟವೊಂದರಲ್ಲಿ ನಮ್ಮ ಬಳಗದ ಕೃಷಿ ವಿಜ್ಞಾನಿಯೊಬ್ಬರು ಮಾಡಿದ ಭಾಷಣದ ಬರಹರೂಪವಿದು. ಗುಡ್ಡದ ಮೇಲೆ ಮನೆ ಕಟ್ಟಲು ಹೊರಟಿರುವ ನಮ್ಮ ಹಳ್ಳಿಗರಿಗೂ ಇದು ಉಪಯುಕ್ತವೆಂದು ಭಾವಿಸಿ ಪೂರ್ಣವಾಗಿ ಪ್ರಕಟಿಸುತ್ತಿದ್ದೇವೆ. – ಸಂ.)



ಕಟ್ಟಡಗಳ ವಿಷಯ ಮಾತನಾಡಲು ನೀವು ಮಣ್ಣಿನ ವಿದ್ಯಾರ್ಥಿನಿಯೊಬ್ಬಳನ್ನು ಕರೆದಿದ್ದೀರಿ. ನಾನು ಓದಿದ್ದು ಕೃಷಿ ವಿಜ್ಞಾನ. ಡಾಕ್ಟರೇಟ್ ಪದವಿಗಾಗಿ ಅಭ್ಯಾಸ ಮಾಡಿದ್ದು ಇಳಿಜಾರು ಭೂಮಿಯ ಮಣ್ಣು ಮತ್ತು ನೀರನ್ನು ಕುರಿತು. ಅನೇಕ ವರ್ಷಗಳಿಂದ ಸಕಲೇಶಪುರದ ಕಡೆಯ ಗುಡ್ಡಗಳ ನಡುವೆ ವಾಸಿಸುತ್ತಿದ್ದೇನೆ. ಕಂಬ, ತೊಲೆ, ಕಮಾನುಗಳ ಲೆಕ್ಕ ನನಗೆ ಬಾರದು. ಆದರೂ ಈ ಆಹ್ವಾನವನ್ನು ಒಪ್ಪಿಕೊಂಡದ್ದಕ್ಕೆ ಒಂದು ಕಾರಣವಿದೆ. ನನ್ನ ಅಣ್ಣನ ಮಗಳು ನಿಮ್ಮಂತೆಯೇ ಐದು ವರ್ಷ ವಾಸ್ತುಶಿಲ್ಪವನ್ನು ಓದಿ, ಈ ಊರಿನದೇ ಒಂದು ಕಚೇರಿಯಲ್ಲಿ ಕೆಲಸಕ್ಕೆ ಸೇರಿದಳು. ಅವಳ ಮೊದಲ ವರ್ಷದಲ್ಲಿ ನಡೆದ ಒಂದು ಘಟನೆಯಲ್ಲಿ ನನ್ನ ಪಾಲೂ ಇದೆ. ಅದನ್ನು ನಿಮ್ಮ ಮುಂದೆ ಹೇಳುವುದು ನನ್ನ ಕರ್ತವ್ಯವೆಂದು ತಿಳಿದು ಬಂದಿದ್ದೇನೆ. ಅವಳ ಅನುಮತಿ ಪಡೆದೇ ಹೇಳುತ್ತಿದ್ದೇನೆ.

ಇನ್ನೊಂದು ಮಾತು. ವಿಜಯನಗರದ ಈ ಬಡಾವಣೆಗಳಿಂದ ಹುಣಸೂರು ರಸ್ತೆಯನ್ನು ಹಿಡಿದು ಹೊರಟರೆ ಕೆಲವೇ ಗಂಟೆಗಳಲ್ಲಿ ಕೊಡಗಿನ ಬೆಟ್ಟಗಳು ಎದುರಾಗುತ್ತವೆ. ಅಲ್ಲಿ ಬಿದ್ದ ಮಳೆಯೇ ಕಾವೇರಿಯಾಗಿ, ಕನ್ನಂಬಾಡಿಯಲ್ಲಿ ನಿಂತು, ಈ ಊರಿನ ಕೊಳಾಯಿಗಳಿಗೆ ಬರುತ್ತದೆ. ಮೇಲಿನಿಂದ ನೀರು ಇಳಿದು ಬರುತ್ತದೆ. ಇಲ್ಲಿಂದ ಮನೆಗಳ ನಕ್ಷೆಗಳು ಮೇಲೇರಿ ಹೋಗುತ್ತವೆ. ಗುಡ್ಡದ ಮೇಲಿನ ಮನೆಗಳು, ಅತಿಥಿಗೃಹಗಳು, ತೋಟದ ಬಂಗಲೆಗಳು ಈಗ ಹೆಚ್ಚಾಗಿ ನಗರದ ಕಚೇರಿಗಳಲ್ಲಿ ರೂಪುಗೊಳ್ಳುತ್ತವೆ. ಆದುದರಿಂದ ನಿಮ್ಮ ಮೇಜಿನ ಮೇಲಿನ ಒಂದು ಗೆರೆಗೂ ನಮ್ಮ ಊರಿನ ಒಂದು ಗುಡ್ಡಕ್ಕೂ ನೇರವಾದ ಸಂಬಂಧವಿದೆ.

ಒಂದು ಅಡುಗೆಮನೆಯ ಕಥೆ

ನಮ್ಮ ಮನೆಯಿಂದ ನಾಲ್ಕು ಮೈಲಿ ದೂರದ ಹಳ್ಳಿಯೊಂದರಲ್ಲಿ ಸಣ್ಣ ಕಾಫಿ ತೋಟವಿರುವ ಕುಟುಂಬವೊಂದಿದೆ. ಯಜಮಾನರಿಗೆ ಎಪ್ಪತ್ತರ ಮೇಲೆ ವಯಸ್ಸು. ಅವರ ಹೆಂಡತಿಗೂ ಹೆಚ್ಚು ಕಡಿಮೆ ಅಷ್ಟೇ. ಹಳೆಯ ಹೆಂಚಿನ ಮನೆ ಶಿಥಿಲವಾಗಿತ್ತು. ಪಟ್ಟಣದಲ್ಲಿರುವ ಮಗ ಹಣ ಹೊಂದಿಸಿ, ಹೊಸ ಮನೆಯ ನಕ್ಷೆಯನ್ನು ಮೈಸೂರಿನಲ್ಲಿ ಮಾಡಿಸಿದ. ಆ ಕೆಲಸ ನನ್ನ ಅಣ್ಣನ ಮಗಳ ಪಾಲಿಗೆ ಬಂತು. ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತಷ್ಟೆ.

ಅವಳ ಕಚೇರಿಯ ಹಿರಿಯರೊಬ್ಬರು ಮಾರ್ಚ್ ತಿಂಗಳಲ್ಲಿ ಸ್ಥಳವನ್ನು ನೋಡಿ ಬಂದಿದ್ದರು. ಮಾರ್ಚ್‌ನಲ್ಲಿ ನಮ್ಮ ಗುಡ್ಡಗಳ ಮಣ್ಣು ಕಲ್ಲಿನಂತಿರುತ್ತದೆ; ಹಾರೆ ಹಾಕಿದರೂ ಕದಲುವುದಿಲ್ಲ. ಅಳತೆಗಳು ಫೋನಿನಲ್ಲಿ ಬಂದವು, ಕೆಲವು ಚಿತ್ರಗಳು ಬಂದವು. ಅವುಗಳ ಆಧಾರದ ಮೇಲೆ ಹುಡುಗಿ ಶ್ರದ್ಧೆಯಿಂದ ನಕ್ಷೆ ಬರೆದಳು. ಗಾಳಿ ಬೆಳಕಿನ ಕೋಣೆಗಳು, ವಯಸ್ಸಾದವರಿಗೆ ಮೆಟ್ಟಿಲಿಲ್ಲದ ಒಂದೇ ಮಟ್ಟದ ನೆಲ, ಹಿಂಭಾಗದಲ್ಲಿ ವಿಶಾಲವಾದ ಅಡುಗೆಮನೆ. ಒಂದೇ ಮಟ್ಟದ ನೆಲವೆಂಬುದು ದಯೆಯಿಂದ ಹುಟ್ಟಿದ ವಿಚಾರ. ಅದನ್ನು ನಾನು ಇಂದಿಗೂ ಮೆಚ್ಚುತ್ತೇನೆ. ಆದರೆ ಇಳಿಜಾರಿನಲ್ಲಿ ಅಷ್ಟಗಲದ ಸಮತಟ್ಟು ಬೇಕೆಂದರೆ ಗುಡ್ಡವನ್ನು ಕಡಿಯಬೇಕು. ಕಾಗದದ ಮೇಲೆ ನೆಲದ ಮಟ್ಟವೆಂದರೆ ಒಂದು ನೇರವಾದ ಗೆರೆ ಮಾತ್ರ. ಸ್ಥಳದಲ್ಲಿ ಅದು ಹದಿನಾಲ್ಕು ಅಡಿ ಎತ್ತರದ ಧರೆಯಾಯಿತು.

ದೀಪಾವಳಿಗೆ ಊರಿಗೆ ಬಂದಾಗ ಆ ನಕ್ಷೆಯನ್ನು ನನಗೆ ತೋರಿಸಿ, "ಅತ್ತೆ, ನನ್ನ ಮೊದಲ ಮನೆ" ಎಂದಳು. ನಾನು ಆ ಸ್ಥಳವನ್ನು ಬಲ್ಲೆ. ಹಳೆಯ ಮನೆಯ ಹಿಂದೆ, ಗುಡ್ಡದಿಂದ ಇಳಿಯುವ ನೀರನ್ನು ಅಡ್ಡಗಟ್ಟಿ ಬದಿಯ ಹಳ್ಳಕ್ಕೆ ತಿರುಗಿಸುವ ಒಂದು ಕಾಲುವೆಯಿತ್ತು. ಎರಡಡಿ ಅಗಲದ, ಹುಲ್ಲು ಬೆಳೆದ ಕಾಲುವೆ. ನಕ್ಷೆಯಲ್ಲಿ ಅದು ಇರಲಿಲ್ಲ. ಅದು ಇದ್ದ ಜಾಗದಲ್ಲಿ ಅಡುಗೆಮನೆಯ ಹಿಂಗೋಡೆಯಿತ್ತು. ಅದನ್ನು ನಾನು ಗಮನಿಸಿದೆ. ಗಮನಿಸಿಯೂ, ಇದು ನನ್ನ ಶಾಸ್ತ್ರವಲ್ಲ, ಓದಿ ಬಂದವರು ನೋಡಿಕೊಂಡಿರುತ್ತಾರೆ, ಮಗುವಿನ ಉತ್ಸಾಹಕ್ಕೆ ಏಕೆ ತಣ್ಣೀರೆರಚಲಿ ಎಂದುಕೊಂಡು, "ಚೆನ್ನಾಗಿದೆ" ಎಂದುಬಿಟ್ಟೆ.

ಡಿಸೆಂಬರಿನಲ್ಲಿ ಜೆಸಿಬಿ ಬಂದು ಎರಡೇ ದಿನಗಳಲ್ಲಿ ಗುಡ್ಡವನ್ನು ಕಡಿಯಿತು. ಕಡಿದ ಮಣ್ಣಿನಿಂದ ಮುಂಭಾಗದ ತಗ್ಗು ತುಂಬಿತು. ಉಳಿದದ್ದರಿಂದ ಕಾಲುವೆಯ ಉಳಿದ ಭಾಗವೂ ಮುಚ್ಚಿತು. ಮೇ ತಿಂಗಳಲ್ಲಿ ಗೃಹಪ್ರವೇಶವಾಯಿತು. ನಾನೂ ಹೋಗಿ ಊಟ ಮಾಡಿ ಬಂದೆ. ಜುಲೈನಲ್ಲಿ, ಪುನರ್ವಸು ಮಳೆ ಹಿಡಿದು ಮೂರನೆಯ ದಿನ ಬೆಳಗಿನ ಜಾವ ಧರೆ ಜಾರಿ, ಹಿಂಗೋಡೆಯನ್ನು ಒಡೆದುಕೊಂಡು ಅಡುಗೆಮನೆಯೊಳಗೆ ಸೊಂಟದೆತ್ತರ ಕೆಸರು ತುಂಬಿತು. ಆ ಅಜ್ಜಿ ಪ್ರತಿದಿನವೂ ಆ ಹೊತ್ತಿನಲ್ಲಿ ಒಲೆಯ ಮುಂದೆ ಇರುವವರು. ಅಂದು ಹಸುವೊಂದು ಕರು ಹಾಕುವುದರಲ್ಲಿದ್ದುದರಿಂದ ಕೊಟ್ಟಿಗೆಗೆ ಹೋಗಿದ್ದರು. ಅವರು ಉಳಿದದ್ದು ಆ ಹಸುವಿನಿಂದ. ನಮ್ಮ ಯಾರ ವಿದ್ಯೆಯಿಂದಲೂ ಅಲ್ಲ.

ಸುದ್ದಿ ತಿಳಿದು ಹುಡುಗಿ ಮರುದಿನವೇ ಬಂದಳು. ಮಳೆಯಲ್ಲಿ ಆ ಧರೆಯ ಮುಂದೆ ನಿಂತು ಅಳುತ್ತಿದ್ದವಳಿಗೆ ಆ ಅಜ್ಜಿಯೇ ಕೊಡೆ ಹಿಡಿದರು. "ಅಳಬೇಡ ಕಣವ್ವ. ಮಳೆಗಾಲದಲ್ಲಿ ಇಲ್ಲಿ ನೀರು ಹೆಂಗೆ ಬರುತ್ತೆ ಅಂತ ಯಾರೂ ನಮ್ಮನ್ನ ಕೇಳಲಿಲ್ಲ. ಕೇಳಿದ್ರೆ ಹೇಳ್ತಿದ್ವಿ" ಎಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಮಗೆ ಸ್ವಲ್ಪ ಸಮಾಧಾನವಾಗುತ್ತಿತ್ತೇನೋ.

ಧರೆ ಏಕೆ ಜಾರುತ್ತದೆ?

ಇಲ್ಲಿ ಒಂದಿಷ್ಟು ವಿಜ್ಞಾನ ಹೇಳಬೇಕು. ಒಣಗಿದ ಮಣ್ಣಿನ ಕಣಗಳ ನಡುವೆ ಗಾಳಿಯಿರುತ್ತದೆ. ಮಳೆ ಬಿದ್ದಂತೆ ಗಾಳಿಯ ಜಾಗವನ್ನು ನೀರು ಆಕ್ರಮಿಸುತ್ತದೆ. ಒಂದು ಘನ ಮೀಟರು ಒಣಮಣ್ಣು ಸುಮಾರು ಒಂದೂವರೆ ಟನ್ನು ತೂಗಿದರೆ, ನೀರು ಕುಡಿದ ಅದೇ ಮಣ್ಣು ಎರಡು ಟನ್ನಿನ ಹತ್ತಿರ ಬರುತ್ತದೆ. ಭಾರ ಹೆಚ್ಚಿತು. ಅದೇ ಸಮಯಕ್ಕೆ ಒಳಗಿನ ನೀರಿನ ಒತ್ತಡ ಕಣಗಳನ್ನು ಒಂದರಿಂದೊಂದು ದೂರ ತಳ್ಳುವುದರಿಂದ ಅವುಗಳ ನಡುವಿನ ಹಿಡಿತ ಕಡಿಮೆಯಾಗುತ್ತದೆ. ಭಾರ ಹೆಚ್ಚಿ ಹಿಡಿತ ತಗ್ಗಿದಾಗ, ಬುಡವನ್ನು ಕಡಿದಿಟ್ಟ ಗುಡ್ಡಕ್ಕೆ ಊರಿಕೊಳ್ಳಲು ಏನೂ ಉಳಿದಿರುವುದಿಲ್ಲ. ಕರಾವಳಿಯಲ್ಲಿ ಮುರಕಲ್ಲಿನ ಪದರದ ಕೆಳಗೆ ಸಿಗುವ ಶೇಡಿಮಣ್ಣಿನ ಗುಣವನ್ನು ನಿಮ್ಮಲ್ಲಿ ಕೆಲವರು ಬಲ್ಲಿರಿ. ಒಣಗಿದಾಗ ಗಟ್ಟಿ, ನೀರು ಸೋಕಿದರೆ ಬೆಣ್ಣೆ. ಬೇಸಿಗೆಯಲ್ಲಿ ಧರೆಯನ್ನು ಮುಟ್ಟಿ ನೋಡಿ ಗಟ್ಟಿಯಾಗಿದೆ ಎನ್ನುವವರು ಈ ಒಂದು ಸಂಗತಿಯನ್ನು ಮರೆಯುತ್ತಾರೆ.

ನಮ್ಮಲ್ಲಿ ಮಳೆಗಾಲದ ನಡುವಿನಲ್ಲಿ "ಜಲ ಒಡೆಯಿತು" ಎನ್ನುತ್ತಾರೆ. ಗುಡ್ಡ ತನ್ನ ಹೊಟ್ಟೆ ತುಂಬುವಷ್ಟು ನೀರು ಕುಡಿದು, ಇನ್ನು ಹಿಡಿಸದೆಂದು ಅಲ್ಲಲ್ಲಿ ಒರತೆಗಳಾಗಿ ಹೊರಗೆ ಬಿಡುವ ಕಾಲವದು. ಬೇಸಿಗೆಯಲ್ಲಿ ಆ ಒರತೆಯ ಗುರುತೂ ಇರುವುದಿಲ್ಲ. ಹೊಸ ಅಡುಗೆಮನೆಯ ಹಿಂಗೋಡೆ ನಿಂತದ್ದು ಅಂತಹ ಒಂದು ಒರತೆಯ ಬಾಯಿಗೆ ಅಡ್ಡವಾಗಿ.

2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ನಡೆದುದನ್ನು ನೀವೆಲ್ಲ ಬಲ್ಲಿರಿ. ಮಕ್ಕಂದೂರು, ಮದೆನಾಡು, ಜೋಡುಪಾಲ ಮುಂತಾದ ಕಡೆ ಗುಡ್ಡಗಳೇ ಇಳಿದು ಬಂದವು. ಜೀವಗಳೂ ಮನೆಗಳೂ ತೋಟಗಳೂ ಹೋದವು. ಅಸಾಧಾರಣ ಮಳೆ ಸುರಿದದ್ದು ನಿಜ. ಆದರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಪರಿಶೀಲನೆಯು ರಸ್ತೆ ಮತ್ತು ಮನೆಗಳಿಗಾಗಿ ಇಳಿಜಾರುಗಳನ್ನು ಕಡಿದದ್ದನ್ನೂ ಕಾರಣವಾಗಿ ಎತ್ತಿ ತೋರಿಸಿತು. 2024ರ ಜುಲೈನಲ್ಲಿ ಅಂಕೋಲದ ಶಿರೂರು, ಅದೇ ತಿಂಗಳ ಕೊನೆಯಲ್ಲಿ ವಯನಾಡು. ಅಷ್ಟು ದೂರ ಹೋಗುವುದೂ ಬೇಡ. 2021ರಲ್ಲಿ ನಿಮ್ಮದೇ ಚಾಮುಂಡಿ ಬೆಟ್ಟದಲ್ಲಿ, ನಂದಿಯ ಸಮೀಪದ ರಸ್ತೆ ಮಳೆಗೆ ಕುಸಿಯಿತು. ಇವೆಲ್ಲ ಒಂದೇ ಬಗೆಯ ಘಟನೆಗಳೆಂದು ನಾನು ಹೇಳುತ್ತಿಲ್ಲ. ಒಂದೊಂದರ ಭೂರಚನೆಯೂ ಬೇರೆ. ಆದರೆ ನೀರಿಗೆ ದಾರಿ ಬಿಡದೆ ಇಳಿಜಾರನ್ನು ಮುಟ್ಟಬಾರದೆಂಬ ಪಾಠ ಎಲ್ಲ ಕಡೆಯೂ ಇದೆ.

ನನ್ನ ಮೊದಲ ವರ್ಷ

ಹುಡುಗಿಯ ತಪ್ಪನ್ನು ಹೇಳಿದೆ, ನನ್ನದನ್ನೂ ಹೇಳಬೇಕು. ವೃತ್ತಿಯ ಮೊದಲ ವರ್ಷದಲ್ಲಿ ನಾನೂ ಹೀಗೆಯೇ ಇದ್ದೆ. ರೈತರೊಬ್ಬರು ಸೊರಗಿದ ಕಾಳುಮೆಣಸಿನ ಬಳ್ಳಿಯನ್ನು ಕಚೇರಿಗೆ ತಂದರು. ಎಲೆ ನೋಡಿದೆ, ಬೇರು ನೋಡಿದೆ, ಶೀಘ್ರ ಸೊರಗು ರೋಗವೆಂದು ಗುರುತಿಸಿದೆ. ಶೇಕಡಾ 1ರ ಬೋರ್ಡೋ ದ್ರಾವಣ ಸಿಂಪಡಿಸಿರೆಂದು ಬರೆದುಕೊಟ್ಟೆ. ಪುಸ್ತಕದ ಪ್ರಕಾರ ತಪ್ಪೇನಿರಲಿಲ್ಲ. ಅವರು ಹೇಳಿದಂತೆಯೇ ಸಿಂಪಡಿಸಿದರು. ಬಳ್ಳಿಗಳು ಸಾಯುತ್ತಲೇ ಹೋದವು. ಕೊನೆಗೆ ತೋಟಕ್ಕೆ ಹೋದಾಗ ಅವರು ಬಳ್ಳಿಯ ಬುಡದಲ್ಲಿ ಎರಡಡಿ ಆಳದ ಗುಂಡಿ ತೋಡಿದರು. ನಾವು ನೋಡುತ್ತಿದ್ದಂತೆ ಅದರಲ್ಲಿ ನೀರು ಬಂದು ನಿಂತಿತು. "ಅಮ್ಮಾ, ಔಷಧಿ ಮೇಲೆ ಹೊಡೀತಿದೀವಿ, ಗಿಡ ಕೆಳಗೆ ಮುಳುಗ್ತಾ ಇದೆ" ಎಂದರು. ಮೊದಲು ಬಸಿಗಾಲುವೆ ತೆಗೆಯಬೇಕಾಗಿತ್ತು, ಔಷಧಿ ಅನಂತರದ್ದು.

ಅಂದಿನಿಂದ ಗುಂಡಿ ತೋಡಿ ನೋಡದೆ ನಾನು ಯಾರಿಗೂ ಸಲಹೆ ಕೊಟ್ಟಿಲ್ಲ. ಕಚೇರಿಗೆ ಬಂದ ಬಳ್ಳಿ ಮತ್ತು ಕಚೇರಿಗೆ ಬಂದ ನಿವೇಶನದ ಚಿತ್ರ, ಎರಡೂ ಒಂದೇ. ಎರಡೂ ತಮ್ಮ ಕೆಳಗಿನ ನೆಲವನ್ನು ಬಿಟ್ಟು ಬಂದಿರುತ್ತವೆ.

ಹೊರಗಿನಿಂದ ಬಂದು ನೆಲವನ್ನು ಕಲಿತವರು ನಿಮ್ಮ ವೃತ್ತಿಯಲ್ಲಿಯೇ ಇದ್ದಾರೆ. ಬರ್ಲಿನ್ನಿನಲ್ಲಿ ಕಲಿತು, ನಾಜಿಗಳ ಕಾಲದಲ್ಲಿ ದೇಶ ಬಿಡಬೇಕಾಗಿ ಬಂದ ಆಟೊ ಕೋನಿಗ್ಸ್‌ಬರ್ಗರ್ ಅವರು 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಇಲ್ಲಿಯ ಮುಖ್ಯ ವಾಸ್ತುಶಿಲ್ಪಿಯಾದರು. ಸರ್ ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದ ಕಾಲವದು. ಬರ್ಲಿನ್ನಿನಲ್ಲಿ ಸೂರ್ಯನನ್ನು ಮನೆಯೊಳಗೆ ಕರೆಯಬೇಕು. ಇಲ್ಲಿ ಹೊರಗೆ ನಿಲ್ಲಿಸಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಅವರು ರೂಪಿಸಿದ ಕಟ್ಟಡಗಳಲ್ಲಿ ಬಿಸಿಲು ತಡೆಯುವ ಚಾಚುಗಳೂ ಗಾಳಿಗೆ ದಾರಿಗಳೂ ಇವೆ. ಮುಂದೆ ಲಂಡನ್ನಿಗೆ ಹೋಗಿ, ಉಷ್ಣವಲಯದ ಕಟ್ಟಡಗಳನ್ನು ಕುರಿತು ಸಂಗಡಿಗರೊಡನೆ ಬರೆದ ಕೈಪಿಡಿ 1974ರಲ್ಲಿ ಪ್ರಕಟವಾಯಿತು. ಆ ಗ್ರಂಥದ ಕ್ರಮ ಗಮನಾರ್ಹ. ಮೊದಲು ಬಿಸಿಲು, ಗಾಳಿ, ತೇವ, ಮಳೆ. ಆಮೇಲೆ ಮನುಷ್ಯನ ದೇಹಕ್ಕೆ ಹಿತವಾದುದೇನೆಂಬ ವಿಚಾರ. ಕಟ್ಟಡದ ಮಾತು ಅನಂತರ.

ಲಾರಿ ಬೇಕರ್ ಅವರ ಹೆಸರನ್ನೂ ನೀವು ಕೇಳಿದ್ದೀರಿ. ಇಂಗ್ಲೆಂಡಿನಲ್ಲಿ ವಾಸ್ತುಶಿಲ್ಪವನ್ನು ಓದಿ ಬಂದ ಅವರು ಕೇರಳಕ್ಕೆ ಬರುವ ಮೊದಲು ಹಿಮಾಲಯದ ಪಿಥೋರಗಢದ ಗುಡ್ಡಗಳಲ್ಲಿ ವೈದ್ಯೆಯಾಗಿದ್ದ ಪತ್ನಿಯೊಡನೆ ಹದಿನಾರು ವರ್ಷ ಬಾಳಿದರು. ತಾವು ಓದಿ ಬಂದುದು ಅಲ್ಲಿಯ ಕಲ್ಲು, ಮಣ್ಣು, ಸಗಣಿಯ ಮನೆಗಳ ಮುಂದೆ ಉಪಯೋಗಕ್ಕೆ ಬಾರದೆಂದು ಕಂಡುಕೊಂಡು, ಹಳ್ಳಿಗರ ಕಟ್ಟುವ ಕ್ರಮವನ್ನೇ ಮತ್ತೆ ವಿದ್ಯಾರ್ಥಿಯಾಗಿ ಕಲಿತರು. ದೊಡ್ಡವರೇ ಹಾಗೆ ಮಾಡಿರುವಾಗ ಮೊದಲ ವರ್ಷದವರಾದ ನಿಮಗೆ ಕೇಳಿ ಕಲಿಯಲು ಸಂಕೋಚವೇಕೆ?

ನಾವಿಬ್ಬರೂ ಕಲಿತ ಪಾಠಗಳು

ಆ ಮಳೆಗಾಲ ಕಳೆದ ಮೇಲೆ ಹುಡುಗಿ ರಜೆ ಹಾಕಿ ನಮ್ಮ ಮನೆಯಲ್ಲಿ ಮೂರು ವಾರ ಇದ್ದಳು. ನಾವಿಬ್ಬರೂ ಸೇರಿ ಆ ಗುಡ್ಡವನ್ನು ಮೊದಲಿನಿಂದ ಓದಿದೆವು. ಅಲ್ಲಿ ಕಲಿತುದನ್ನು ಕ್ರಮವಾಗಿ ಹೇಳುತ್ತೇನೆ.

ಮೊದಲನೆಯದು, ಸ್ಥಳವನ್ನು ಮಳೆಯಲ್ಲಿ ನೋಡಬೇಕು. ಗುಡ್ಡದ ಕೆಲಸ ಒಪ್ಪಿಕೊಂಡರೆ ಜುಲೈ ಅಥವಾ ಆಗಸ್ಟಿನಲ್ಲಿ ಒಂದು ದಿನ ಅಲ್ಲಿರಬೇಕು. ಅದು ಸಾಧ್ಯವಾಗದಿದ್ದರೆ ಮಳೆಯನ್ನು ಕಂಡವರನ್ನು ಕೇಳಬೇಕು. ಎಲ್ಲಿ ಜಲ ಒಡೆಯುತ್ತದೆ, ಯಾವ ಬದಿಯಿಂದ ಇರಚಲು ಹೊಡೆಯುತ್ತದೆ, ಯಾವ ಗೋಡೆಗೆ ಪಾಚಿ ಕಟ್ಟುತ್ತದೆ ಎಂಬುದು ಮನೆಯ ಹೆಂಗಸರಿಗೆ ಗೊತ್ತಿರುತ್ತದೆ. ಯಜಮಾನರೊಡನೆ ಜಗಲಿಯಲ್ಲಿ ಕುಳಿತು ಮಾತನಾಡಿ ಎದ್ದು ಬರುವುದು ಸಾಲದು, ಹಿತ್ತಿಲಿಗೆ ಹೋಗಬೇಕು.

ಎರಡನೆಯದು, ಸಮಮಟ್ಟದ ಗೆರೆಗಳನ್ನು ನೆಲದ ಮೇಲೆಯೇ ಗುರುತಿಸಬೇಕು. ಇದಕ್ಕೆ ನಮ್ಮ ಕೃಷಿಯಲ್ಲಿ ಒಂದು ಬಡವರ ಉಪಕರಣವಿದೆ. ಎರಡು ಬಿದಿರಿನ ಗಳುಗಳನ್ನು ತುದಿಯಲ್ಲಿ ಕಟ್ಟಿ ಕಾಲುಗಳಂತೆ ಅಗಲಿಸಿ, ನಡುವೆ ಒಂದು ಅಡ್ಡಗಳು ಕಟ್ಟಿ, ತುದಿಯಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಡಬೇಕು. ದಾರ ಅಡ್ಡಗಳುವಿನ ನಡುಗುರುತಿಗೆ ಬಂದಾಗ ಎರಡು ಕಾಲುಗಳೂ ಒಂದೇ ಮಟ್ಟದಲ್ಲಿವೆ ಎಂದರ್ಥ. ಹೀಗೆ ಹೆಜ್ಜೆ ಹೆಜ್ಜೆಗೂ ಗೂಟ ಹೊಡೆಯುತ್ತ ಹೋದರೆ ಗುಡ್ಡದ ಆಕಾರ ಕಣ್ಣಿಗೆ ಬೀಳುತ್ತದೆ. ಮೂರು ದಿನ ಹುಡುಗಿ ಈ ಕೆಲಸ ಮಾಡಿದಳು. ಗೂಟಗಳ ಸಾಲು ಒಂದು ಕಡೆ ಒಳಕ್ಕೆ ಬಾಗಿತು. ನೀರು ಬಂದು ಕೂಡುವ ಜಾಗ ಅದೇ. ಅಲ್ಲಿಯೇ ಅಡುಗೆಮನೆಯಿತ್ತು.

ಮೂರನೆಯದು, ಮಳೆಯ ಲೆಕ್ಕ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರು. ಒಂದೂವರೆ ಸಾವಿರ ಚದರಡಿಯ ಚಾವಣಿಯೆಂದರೆ ಸುಮಾರು 139 ಚದರ ಮೀಟರು. ನಮ್ಮಲ್ಲಿ ಜೋರು ಮಳೆಯ ದಿನ 200 ಮಿಲಿಮೀಟರು ಬಿದ್ದರೆ ಆ ಚಾವಣಿಯೊಂದರಿಂದಲೇ ಸುಮಾರು 28,000 ಲೀಟರು, ಅಂದರೆ 28 ಟನ್ನು ನೀರು ಇಳಿಯುತ್ತದೆ. ಅದು ಸೂರಿನಿಂದ ಎಲ್ಲಿಗೆ ಬೀಳುತ್ತದೆ, ಅಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದನ್ನು ನಕ್ಷೆಯಲ್ಲಿ ಬಾಣದ ಗುರುತು ಹಾಕಿ ತೋರಿಸಬೇಕು. ಬಾಣ ಹಾಕಲು ಜಾಗ ಸಿಗದಿದ್ದರೆ ಮನೆಯ ಜಾಗವನ್ನು ಬದಲಿಸಬೇಕು.

ನಾಲ್ಕನೆಯದು, ನೀರನ್ನು ಎಲ್ಲೆಡೆಯೂ ಇಂಗಿಸುವುದು ಸರಿಯಲ್ಲ. ಪರಿಸರದ ಕೆಲಸ ಮಾಡುವ ನಮ್ಮಂಥವರು ಇದನ್ನು ವಿಶೇಷವಾಗಿ ನೆನಪಿಡಬೇಕು. ಕಾಫಿ ತೋಟಗಳಲ್ಲಿ ಮಣ್ಣು ಕೊಚ್ಚಿ ಹೋಗದಂತೆ ತೊಟ್ಟಿಲುಗುಂಡಿಗಳನ್ನು ತೆಗೆಯುತ್ತೇವೆ. ಅದು ಒಳ್ಳೆಯ ಕ್ರಮ. ಆದರೆ ಮನೆಯ ಹಿಂದಿನ ಕಡಿದ ಧರೆಯ ನೆತ್ತಿಯಲ್ಲಿ ಇಂಗುಗುಂಡಿ ತೆಗೆದರೆ ಧರೆಗೆ ನಾವೇ ನೀರು ಕುಡಿಸಿದಂತೆ. ಅಲ್ಲಿ ನೀರನ್ನು ಅಡ್ಡಗಾಲುವೆಯಿಂದ ಹಿಡಿದು, ಮೆಲ್ಲನೆ ಬದಿಯ ಹಳ್ಳಕ್ಕೆ ದಾಟಿಸಬೇಕು. ಬಯಲಿನಲ್ಲಿ ಪುಣ್ಯದ ಕೆಲಸವಾದುದು ಇಳಿಜಾರಿನಲ್ಲಿ ಅಪಾಯವಾಗಬಹುದು.

ಐದನೆಯದು, ಗುಡ್ಡವನ್ನು ಮನೆಗೆ ತಕ್ಕಂತೆ ಕಡಿಯುವ ಬದಲು ಮನೆಯನ್ನು ಗುಡ್ಡಕ್ಕೆ ತಕ್ಕಂತೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು. ವೃದ್ಧರಿಗೆ ಬೇಕಾದ ಕೋಣೆ, ಅಡುಗೆಮನೆ, ಬಚ್ಚಲುಗಳನ್ನು ಒಂದು ಮಟ್ಟದಲ್ಲಿಟ್ಟು ಉಳಿದವನ್ನು ಇನ್ನೊಂದು ಮಟ್ಟಕ್ಕೆ ಇಳಿಸಿದ್ದರೆ ಆ ಹದಿನಾಲ್ಕು ಅಡಿ ಆರಡಿಗೆ ಇಳಿಯುತ್ತಿತ್ತೆಂದು ಹುಡುಗಿ ಆಮೇಲೆ ಲೆಕ್ಕ ಹಾಕಿ ತೋರಿಸಿದಳು. ದಯೆಯೂ ಉಳಿಯುತ್ತಿತ್ತು, ಧರೆಯೂ ಉಳಿಯುತ್ತಿತ್ತು.

ಆರನೆಯದು, ಮೇಲ್ಮಣ್ಣು. ಕೆಲವು ಅಂಗುಲ ಕಪ್ಪು ಮೇಲ್ಮಣ್ಣು ಉಂಟಾಗಲು ಶತಮಾನಗಳು ಬೇಕು. ಜೆಸಿಬಿ ಅದನ್ನು ಒಂದು ಗಳಿಗೆಯಲ್ಲಿ ಕೆಳಮಣ್ಣಿನೊಡನೆ ಬೆರೆಸಿ ಹಾಕುತ್ತದೆ. ಮೊದಲು ಮೇಲ್ಮಣ್ಣನ್ನು ಕೆರೆದು ಒಂದು ಕಡೆ ರಾಶಿ ಹಾಕಿ, ಕಟ್ಟಡ ಮುಗಿದ ಮೇಲೆ ಹಿತ್ತಿಲಿಗೆ ಹರಡಿರೆಂದು ನಕ್ಷೆಯ ಅಂಚಿನಲ್ಲಿ ಒಂದು ಸಾಲು ಬರೆದರೆ ಸಾಕು. ಖರ್ಚು ಹೆಚ್ಚಿಲ್ಲ, ಬರೆಯುವವರು ಮಾತ್ರ ಕಡಿಮೆ.

ಏಳನೆಯದು, ಚಾವಣಿ. ಮಲೆನಾಡಿನ ಯಾವುದೇ ಊರಿಗೆ ಹೋದರೂ ಒಂದು ವಿಚಿತ್ರವನ್ನು ನೋಡುತ್ತೀರಿ. ಸಮತಟ್ಟಾದ ಕಾಂಕ್ರೀಟು ತಾರಸಿ. ಅದು ಸೋರಿದ ಮೇಲೆ ಅದರ ಮೇಲೊಂದು ತಗಡಿನ ಮಾಡು. ಒಂದು ಮನೆಗೆ ಎರಡು ಚಾವಣಿಗಳ ಖರ್ಚು. ಮೂರು ಸಾವಿರ ಮಿಲಿಮೀಟರು ಮಳೆ ಬೀಳುವ ನಾಡಿಗೆ ಎಂಟುನೂರು ಮಿಲಿಮೀಟರಿನ ನಾಡಿನ ನಕ್ಷೆಯನ್ನು ಕಳಿಸಿದುದರ ಫಲವಿದು. ನಮ್ಮ ಹಿರಿಯರ ಇಳಿಜಾರು ಮಾಡು, ಗೋಡೆಯಿಂದ ಮೂರಡಿ ಮುಂದೆ ಚಾಚಿದ ಸೂರು, ಸುತ್ತಲ ಜಗಲಿ, ಇವು ಅಲಂಕಾರಕ್ಕಾಗಿ ಬಂದವಲ್ಲ. ಹಾಗೆಂದು ಹಳೆಯದೆಲ್ಲವೂ ಶ್ರೇಷ್ಠವೆಂದು ನಾನು ಹೇಳುವುದಿಲ್ಲ. ಆ ಮನೆಗಳ ಕತ್ತಲೆಯ, ಹೊಗೆ ತುಂಬಿದ ಅಡುಗೆಕೋಣೆಗಳಲ್ಲಿ ಹೆಂಗಸರು ಕೆಮ್ಮುತ್ತ ಜೀವ ಸವೆಸಿದ್ದಾರೆ. ಸೂರನ್ನು ಉಳಿಸಿಕೊಂಡು ಹೊಗೆಯನ್ನು ಹೊರಗೆ ಕಳಿಸುವುದು ನಿಮ್ಮ ಪೀಳಿಗೆಯ ಕೆಲಸ.

ಪಶ್ಚಿಮ ಘಟ್ಟಗಳನ್ನು ಕುರಿತು ಮಾಧವ ಗಾಡ್ಗೀಳ್ ಅವರ ನೇತೃತ್ವದ ತಜ್ಞರ ಸಮಿತಿ 2011ರಲ್ಲಿ ಕೊಟ್ಟ ವರದಿಯಲ್ಲಿ, ಘಟ್ಟಗಳಿಗೆಂದೇ ಒಂದು ಕಟ್ಟಡ ಸಂಹಿತೆಯನ್ನು ರೂಪಿಸಬೇಕೆಂಬ ಸಲಹೆಯೂ ಇದೆ. ಆ ವರದಿಯ ಬಗ್ಗೆ ನಮ್ಮ ಊರುಗಳಲ್ಲಿ ಭಯವೂ ವಿರೋಧವೂ ಎದ್ದವು. ವಾದಗಳು ಇಂದಿಗೂ ಮುಗಿದಿಲ್ಲ. ಆದರೆ ಸಂಹಿತೆ ಬರುವವರೆಗೆ ಕಾಯಬೇಕಾಗಿಲ್ಲ. ಒಳ್ಳೆಯ ವಿನ್ಯಾಸಕಾರರ ಅಭ್ಯಾಸಗಳೇ ಒಂದು ಸಂಹಿತೆ.

ಈ ವಿಜಯನಗರದಲ್ಲಿ

ಗುಡ್ಡದ ಮಾತೇ ಆಯಿತು, ನಾವು ಬಯಲಿನವರು ಎಂದು ನೀವು ಹೇಳಬಹುದು. ಇಲ್ಲಿಯ 30×40 ಅಡಿ ನಿವೇಶನವೊಂದನ್ನು ತೆಗೆದುಕೊಳ್ಳೋಣ. ಅದು ಸುಮಾರು 111 ಚದರ ಮೀಟರು. ಮೈಸೂರಿನಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರು ಮಳೆಯೆಂದಿಟ್ಟುಕೊಂಡರೆ ಆ ನಿವೇಶನದ ಮೇಲೆ ವರ್ಷಕ್ಕೆ ಸುಮಾರು 89,000 ಲೀಟರು ನೀರು ಬೀಳುತ್ತದೆ. ಮನೆಯ ಸುತ್ತ ಬಿಟ್ಟ ಜಾಗಕ್ಕೂ ಸಿಮೆಂಟು ಬಳಿದು, ಕಾರು ನಿಲ್ಲಿಸಲು ಟೈಲ್ಸ್ ಹಾಸಿದರೆ ಅದರಲ್ಲಿ ಬಹುಪಾಲು ರಸ್ತೆಗೆ ಹೋಗುತ್ತದೆ. ಒಂದು ಸಂಜೆ 50 ಮಿಲಿಮೀಟರು ಮಳೆ ಬಂದರೆ ಅಂತಹ ನೂರು ಮನೆಗಳ ಬೀದಿಯಿಂದ ಐದೂವರೆ ಲಕ್ಷ ಲೀಟರು ನೀರು ಚರಂಡಿಗೆ ನುಗ್ಗುತ್ತದೆ. ತಗ್ಗಿನ ಬಡಾವಣೆಯವರು ಮನೆಯೊಳಗಿನಿಂದ ನೀರು ಎತ್ತಿ ಹಾಕುವಾಗ ಮೇಲಿನವರು ಬೋರ್‌ವೆಲ್ ಬತ್ತಿತೆಂದು ಚಿಂತಿಸುತ್ತಿರುತ್ತಾರೆ.

ಈ ನೆಲಕ್ಕೂ ನೀರಿನ ಗೆರೆಗಳಿದ್ದವು. ಕುಕ್ಕರಹಳ್ಳಿ ಕೆರೆಗೆ ನೀರು ತರುತ್ತಿದ್ದ ಪೂರ್ಣಯ್ಯ ನಾಲೆ ಇಂದು ಬಡಾವಣೆಗಳ ನಡುವೆ ತುಂಡು ತುಂಡಾಗಿದೆ. ಯಾರೂ ಕೆರೆಯನ್ನು ಕೊಲ್ಲಬೇಕೆಂದು ನಕ್ಷೆ ಬರೆಯಲಿಲ್ಲ. ಒಬ್ಬೊಬ್ಬರೂ ತಮ್ಮ ನಿವೇಶನದ ನಾಲ್ಕು ಗೆರೆಗಳೊಳಗೆ ಸರಿಯಾಗಿಯೇ ಬರೆದರು. ನಮ್ಮ ಗುಡ್ಡದ ಆ ಹುಲ್ಲುಗಾಲುವೆಯೂ ಹಾಗೆಯೇ ಮುಚ್ಚಿತು.

ಬೇರೆ ದಾರಿಯೂ ಇದೆ. ಬೆಂಗಳೂರಿನಲ್ಲಿಯೂ ಒಂದು ವಿಜಯನಗರವಿದೆ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿಜ್ಞಾನಿಯಾಗಿದ್ದ ಎ.ಆರ್. ಶಿವಕುಮಾರ್ ಅವರು 1990ರ ದಶಕದಲ್ಲಿ ಅಲ್ಲಿ ಮನೆ ಕಟ್ಟುವ ಮೊದಲು ಹಳೆಯ ಮಳೆ ದಾಖಲೆಗಳನ್ನು ಪರಿಶೀಲಿಸಿ, ಚಾವಣಿಯ ನೀರನ್ನೇ ನಂಬಿ, ನಗರದ ಕೊಳಾಯಿಯ ಸಂಪರ್ಕವಿಲ್ಲದೆ ಬಹುಕಾಲ ಸಂಸಾರ ನಡೆಸಿದರು. ಅಲ್ಲಿಯೂ ಮಳೆಯ ಲೆಕ್ಕ ಮೊದಲು, ಮನೆ ಅನಂತರ.

ಬಾಯಿ ಬಿಡುವ ಧೈರ್ಯ

ಕೊನೆಯ ಪಾಠವನ್ನು ಹೇಳಿ ಮುಗಿಸುತ್ತೇನೆ. ಇದು ನನಗೆ ಎಲ್ಲಕ್ಕಿಂತ ಕಷ್ಟದ್ದು.

ಆ ಮೂರು ವಾರಗಳ ಕೊನೆಯಲ್ಲಿ ಒಂದು ಸಂಜೆ ಹುಡುಗಿ ಕೇಳಿದಳು: "ಅತ್ತೆ, ದೀಪಾವಳಿಯಲ್ಲಿ ನಕ್ಷೆ ನೋಡಿದಾಗ ನಿಮಗೆ ಏನೂ ಅನ್ನಿಸಲಿಲ್ಲವೇ?" ಅನ್ನಿಸಿತ್ತು ಎಂದೆ. ಅವಳು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ತಾನೂ ಒಂದನ್ನು ಒಪ್ಪಿಕೊಂಡಳು. ಡಿಸೆಂಬರಿನಲ್ಲಿ ಜೆಸಿಬಿ ಕೆಲಸ ಮಾಡುವಾಗ ಅವಳು ಮೊದಲ ಬಾರಿಗೆ ಸ್ಥಳಕ್ಕೆ ಹೋಗಿದ್ದಳು. ಧರೆಯ ಎತ್ತರವನ್ನು ನೋಡಿ ಹೆದರಿದಳು. ಕಚೇರಿಯ ಹಿರಿಯರಿಗೆ ಹೇಳಬೇಕೆಂದುಕೊಂಡಳು. ಸೇರಿ ಆರು ತಿಂಗಳಾದವಳು ಏನೆಂದು ಹೇಳುವುದು ಎಂದು ಸುಮ್ಮನಾದಳು. ಮೇಸ್ತ್ರಿಯೂ ಇಷ್ಟು ಎತ್ತರ ಬೇಡವಿತ್ತೆಂದು ಗೊಣಗಿದ್ದನಂತೆ. ಎಂಜಿನಿಯರು ಬರೆದ ಮೇಲೆ ತಾನೇನು ಹೇಳುವುದೆಂದು ಅವನೂ ಸುಮ್ಮನಾದ. ಓದಿದ ಸಂಬಂಧಿಕರ ಮುಂದೆ ಮಾತೇಕೆ ಎಂದು ಆ ಅಜ್ಜಿಯೂ ಸುಮ್ಮನಿದ್ದರು. ಹೀಗೆ ನಾಲ್ವರು ಬಲ್ಲವರಿದ್ದರು. ನಾಲ್ವರೂ ಬಾಯಿ ಬಿಡಲಿಲ್ಲ. ಗುಡ್ಡ ಜಾರಿದ್ದು ನೀರಿನಿಂದ. ಆದರೆ ಆ ನೀರಿಗೆ ದಾರಿ ಕೊಡದಂತೆ ಮಾಡಿದ್ದು ನಮ್ಮ ಮೌನ.

ಮಿತ್ರರೇ, ಮೊದಲ ವರ್ಷದವರಿಗೆ ಒಂದು ಅನುಕೂಲವಿದೆ. ನನಗೆ ಗೊತ್ತಿಲ್ಲ, ತೋರಿಸಿಕೊಡಿ ಎಂದು ಹೇಳಿದರೆ ಯಾರೂ ನಗುವುದಿಲ್ಲ. ಹತ್ತು ವರ್ಷ ಕಳೆದ ಮೇಲೆ ಆ ಮಾತು ಬಾಯಿಂದ ಹೊರಡುವುದು ಕಷ್ಟ. ಇರುವಾಗಲೇ ಅದನ್ನು ಬಳಸಿಕೊಳ್ಳಿ. ಹೆದರಿಕೆಯಾದಾಗ, ಆ ಹೆದರಿಕೆಯನ್ನು ಒಂದು ಕಾಗದದಲ್ಲಿ ಬರೆದು ಹಿರಿಯರ ಮುಂದಿಡಿ. ನಿಮ್ಮ ಹೆದರಿಕೆ ತಪ್ಪಾದರೆ ಅರ್ಧ ಗಂಟೆ ವ್ಯರ್ಥವಾದೀತು, ಅಷ್ಟೆ. ಹಿರಿಯರಲ್ಲಿ ನನ್ನ ವಿನಂತಿ: ಕಿರಿಯರು ಅಂತಹ ಕಾಗದ ತಂದಾಗ ದಯವಿಟ್ಟು ಓದಿ. ನಮ್ಮ ಹಳ್ಳಿಗರಲ್ಲಿಯೂ ವಿನಂತಿ: ನಕ್ಷೆ ಬರೆಯಲು ಬಂದವರು ಕೇಳದಿದ್ದರೂ ಹಿತ್ತಿಲಿಗೆ ಕರೆದೊಯ್ದು ನೀರಿನ ದಾರಿಯನ್ನು ತೋರಿಸಿ.

ಆ ಧರೆಯನ್ನು ಈಗ ಮೂರು ಮೆಟ್ಟಿಲಾಗಿ ಇಳಿಸಿದೆ. ಬುಡದಲ್ಲಿ ನೀರು ಬಸಿಯುವಂತೆ ಸಂದುಬಿಟ್ಟು ಕಾಡುಗಲ್ಲಿನ ಗೋಡೆ ಕಟ್ಟಿದೆ. ಹಳೆಯ ಕಾಲುವೆಯನ್ನು ಹುಡುಕಿ ಮತ್ತೆ ತೆರೆದೆವು. ಮೆಟ್ಟಿಲುಗಳ ಅಂಚಿಗೆ ಲಾವಂಚ ನೆಟ್ಟಿದ್ದೇವೆ. ಅದರ ಬೇರು ಮೂರು ಮೀಟರಿನವರೆಗೂ ಇಳಿಯಬಲ್ಲದು. ಆದರೆ ಲಾವಂಚ ಮೇಲ್ಪದರವನ್ನು ಹಿಡಿದೀತೇ ಹೊರತು ಬುಡ ಕಡಿದ ಗುಡ್ಡವನ್ನು ಹಿಡಿಯಲಾರದು. ಅಡುಗೆಮನೆಯನ್ನು ಮುಂಬದಿಗೆ ಸ್ಥಳಾಂತರಿಸಿದ್ದಾಯಿತು. ಹಿಂದಿನ ಕೋಣೆ ಈಗ ಬರಿದಾಗಿದೆ. ಮಳೆಗಾಲದಲ್ಲಿ ಅಲ್ಲಿ ಯಾರೂ ಮಲಗುವುದಿಲ್ಲ. ಇದಕ್ಕೆಲ್ಲ ತಗಲಿದ ಹಣದಲ್ಲಿ ಆ ಕುಟುಂಬದ ಎರಡು ವರ್ಷದ ಕಾಫಿ ಹೋಯಿತು.

ಹುಡುಗಿ ವೃತ್ತಿಯನ್ನು ಬಿಡಲಿಲ್ಲ. ಬಿಡಬೇಕೆಂದಿದ್ದವಳನ್ನು ತಡೆದವರು ಆ ಅಜ್ಜಿಯೇ. "ನೀ ಬಿಟ್ರೆ ಇದನ್ನ ಕಲಿಯದೇ ಇರೋ ಇನ್ನೊಬ್ರು ಬರ್ತಾರೆ" ಎಂದರಂತೆ. ಈಗ ಅವಳು ಯಾವ ಸ್ಥಳಕ್ಕೆ ಹೋದರೂ ಚೀಲದಲ್ಲಿ ಒಂದು ದಾರ, ಒಂದು ತೂಕದ ಕಲ್ಲು ಇರುತ್ತದೆ. ಹಾಳೆಯ ಮೇಲೆ ಗೋಡೆಗಳಿಗಿಂತ ಮೊದಲು ನೀರಿನ ಗೆರೆಯನ್ನು ನೀಲಿ ಶಾಯಿಯಲ್ಲಿ ಎಳೆಯುತ್ತಾಳೆ.

ಮುಂದಿನ ಪುನರ್ವಸು ಮಳೆಗೆ ನೀವೂ ನಮ್ಮ ಊರಿಗೆ ಬನ್ನಿ. ಕೊಡೆ ತನ್ನಿ, ಜಿಗಣೆಗೆ ಉಪ್ಪು ನಾವು ಕೊಡುತ್ತೇವೆ. ಆ ಅಜ್ಜಿಯ ಹಿತ್ತಿಲಿನಲ್ಲಿ ನಿಂತು ಜಲ ಒಡೆಯುವುದನ್ನು ನೋಡೋಣ.